‘ನುಗ್ಗಿ’ ಎಂದವರು ಯಾರು?

ಬಹಳ ಹಿಂದೆ, ಏಳು ಹೊಳೆಗಳಾಚೆ, ತೊರೆನಾಡು ಅಂತ ಒಂದು ರಾಜ್ಯವಿತ್ತು. ರಾಜ ಸತ್ತದ್ದೇ ತಡ, ಮಕ್ಕಳಿಬ್ಬರೂ ಪಟ್ಟಕ್ಕೆ ಕಚ್ಚಾಡಿದರು. ನಿನ್ನೆಯವರೆಗೆ ಒಂದಾಗಿದ್ದ ದಂಡು ಎರಡಾಯಿತು. ಹಿರಿಯನ ಕಡೆ ದಳವಾಯಿ ಬಿಲ್ಲಮನಾಯಕ, ಕಿರಿಯನ ಕಡೆ ದಳವಾಯಿ ಸೋವಿದೇವ. ದಂಡು ಒಡೆದರೂ ನಗಾರಿಯ ಪೆಟ್ಟು ಮಾತ್ರ ಒಂದೇ ಉಳಿಯಿತು ನೋಡಿ! ಎರಡು ಪೆಟ್ಟಿಗೆ ನಿಲ್ಲಬೇಕು, ಮೂರಕ್ಕೆ ನುಗ್ಗಬೇಕು. ಅದನ್ನು ಬದಲಿಸುವ ಬುದ್ಧಿ ಒಬ್ಬ ದಳವಾಯಿಗೂ ಬರಲಿಲ್ಲ.

ಒಂದು ಮಧ್ಯಾಹ್ನ ಹೊಳೆಯ ಎರಡು ದಡದಲ್ಲೂ ದಂಡು ನಿಂತಿದ್ದಾಗ ಮೂರು ಪೆಟ್ಟು ಬಿತ್ತು. ಎರಡೂ ಕಡೆಯವರು ಒಟ್ಟಿಗೆ ನೀರಿಗೆ ನುಗ್ಗಿದರು. ಹೊಳೆಯಲ್ಲಿ ಸುಳ್ಳನ್ನೇ ಉಂಡು ಬದುಕುವ ಮಾಂತ್ರಿಕ ಧೂಮಕನಿದ್ದ. ಅವನು ಮುನ್ನೂರು ಬಂಟರನ್ನು ಕಲ್ಲು ಮಾಡಿದ.

"ನುಗ್ಗಿಸಿದವನು ನಿಜ ಹೇಳಿದರೆ ಇವರಿಗೆ ಜೀವ. ಮೂರು ಸುಳ್ಳಿಗೆ ಕತ್ತಿನವರೆಗೆ ಮರಳು. ನಾಲ್ಕನೆಯದಕ್ಕೆ ಮುಗಿಯಿತು!" ಅಂದ.

ಕಿರಿಯನ ಕಡೆ ಸೇರಿದ್ದ ಮಾಚನೂ ಆ ಕಲ್ಲುಗಳಲ್ಲೊಬ್ಬ. ಅವನ ಅಣ್ಣ ಜಕ್ಕಣ್ಣ ಹಿರಿಯನ ಕಡೆಯ ನಗಾರಿಯವನು.

ರಾಜಮಾತೆ ಎಲ್ಲರನ್ನೂ ಹೊಳೆಯ ದಡಕ್ಕೆ ಕರೆಸಿದಳು. ಬಿಲ್ಲಮನಾಯಕ ತಾನು ಬರೆದು ತಂದಿದ್ದ ಓಲೆ ಬಿಚ್ಚಿ ಓದಿದ: "ನಾನು ಎಚ್ಚರವಾಗಿ ಕಾದಿದ್ದೆ. ನಿಲ್ಲಿ ಎಂದೆ. ನುಗ್ಗಿಸಿದವನು ಸೋವಿದೇವ." ಕಲ್ಲುಗಳು ಮೊಣಕಾಲವರೆಗೆ ಮರಳಿಗೆ ಇಳಿದವು.

ಸೋವಿದೇವ ತನ್ನದನ್ನು ಓದಿದ: "ನಾನು ಎಚ್ಚರವಾಗಿ ಕಾದಿದ್ದೆ. ನಿಲ್ಲಿ ಎಂದೆ. ನುಗ್ಗಿಸಿದವನು ಬಿಲ್ಲಮ." ಹೆಸರೊಂದು ಬಿಟ್ಟರೆ ಎರಡೂ ಓಲೆ ಒಂದೇ! ಕಲ್ಲುಗಳು ಸೊಂಟದವರೆಗೆ ಇಳಿದವು.

"ಜಕ್ಕಣ್ಣ, ನಿನಗೆ ಅಪ್ಪಣೆ ಕೊಟ್ಟವರು ಯಾರಪ್ಪ?" ಅಂದಳು ರಾಜಮಾತೆ.

"ಗಾಳಿ ಜೋರಿತ್ತು ತಾಯಿ, ಯಾರ ದನಿಯೋ ತಿಳಿಯಲಿಲ್ಲ."

ಥೂ ಅವನ ಬಾಯಿಗಿಷ್ಟು! ಕಲ್ಲುಗಳು ಕತ್ತಿನವರೆಗೆ ಇಳಿದವು. ಧೂಮಕ ತೇಗಿದ. ಎಲ್ಲರಂತೆ ಮಾಚನದೂ ಮರಳಿನ ಮೇಲೆ ಮುಖ ಮಾತ್ರ ಉಳಿದಿತ್ತು.

ಜಕ್ಕಣ್ಣನಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಮೊಣಕಾಲೂರಿ ಅತ್ತ.

"ಅಪ್ಪಣೆ ಯಾರೂ ಕೊಡಲಿಲ್ಲ ತಾಯಿ! ನಮ್ಮ ದಳವಾಯಿ ಉಂಡು ಮಲಗಿದ್ದರು. ಆಚೆ ದಡದಿಂದ ಮಾಚ, 'ಅಣ್ಣನ ನಗಾರಿಗೆ ಗೆದ್ದಲು ಹಿಡಿದಿದೆ' ಅಂತ ಅಣಕಿಸಿದ. ಎಲ್ಲರೂ ನಕ್ಕರು. ಸಿಟ್ಟು ನೆತ್ತಿಗೇರಿ ಮೂರು ಪೆಟ್ಟು ಹೊಡೆದುಬಿಟ್ಟೆ. ಇಷ್ಟು ಜನರನ್ನು ಕೊಂದವನು ನಾನೇ!"

"ನಾನೂ ಮಲಗಿದ್ದೆ," ಅಂದ ಸೋವಿದೇವ ಮೆಲ್ಲಗೆ. ಬಿಲ್ಲಮ ಓಲೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಉಣ್ಣಲು ಸುಳ್ಳಿಲ್ಲದೆ ಧೂಮಕ ಹೊಗೆಯಾಗಿ ಹೋದ. ಮುನ್ನೂರು ಜನ ಮರಳು ಕೊಡವಿಕೊಂಡು ಎದ್ದರು. ಜಕ್ಕಣ್ಣ ತಮ್ಮನ ಕಾಲಿಗೆ ಬಿದ್ದ.

"ಅಯ್ಯಯ್ಯೋ, ದೊಡ್ಡವನು ನೀನು, ಏಳಣ್ಣ! ಗೆದ್ದವರು ಯಾರು, ಅದನ್ನು ಹೇಳು," ಅಂದ ಮಾಚ.

ರಾಜಕುಮಾರರಿಬ್ಬರೂ ನೆಲ ನೋಡಿದರು.

ಆಮೇಲೆ ಅವರಿಬ್ಬರೂ ಒಂದೇ ಎಲೆಯಲ್ಲಿ ಉಂಡರು, ರಾಜ್ಯ ತಣ್ಣಗಾಯಿತು, ಎಲ್ಲರೂ ಚೆನ್ನಾಗಿ ಬಾಳಿದರು. ಆದರೆ ಆ ಯುದ್ಧದ ಮಾತು ಬಂದರೆ ಇಂದಿಗೂ ತೊರೆನಾಡಿನವರು ತಲೆ ತಗ್ಗಿಸುತ್ತಾರಂತೆ.