ಮ್ಹೈಸಾಳ ಎಲ್ಲಿ ಹೋತು?

“ನಗಬ್ಯಾಡ್ರಿ! ಅದರಾಗ ನಗೂದೇನೈತಿ?”

ಸ್ನೇಹಲಳ ಕೂಗಿಗೆ ಸಾಂಗಲಿಯ ಆ ಕಂಪ್ಯೂಟರ್ ಕ್ಲಾಸೇ ತಿರುಗಿ ನೋಡಿತು. ಪಕ್ಕದ ಕುರ್ಚಿಯ ಮಂದಾರ ಮಾತ್ರ ಅವಳ ಪರದೆ ನೋಡಿ ಇನ್ನೂ ನಗುತ್ತಿದ್ದ. ಎರಡು ತಿಂಗಳಿಂದ ಅವಳು ಕದ್ದು ಕದ್ದು ನೋಡುತ್ತಿದ್ದ ಮುಖ. ಅವನೊಡನೆ ಆಡಿದ ಮೊದಲ ಮಾತೇ ಜಗಳ!

ಪರೀಕ್ಷೆ ಮುಗಿಯಲು ಇನ್ನು ಹತ್ತೇ ನಿಮಿಷ. ಪಾಸಾದರೆ ಇದೇ ಕ್ಲಾಸಿನಲ್ಲಿ ಹುಡುಗಿಯರಿಗೆ ಕಲಿಸುವ ಕೆಲಸ. ಇಲ್ಲದಿದ್ದರೆ ನಾಳೆಯಿಂದ ಅವ್ವನ ಜೊತೆ ಅರಿಷಿಣ ಆರಿಸಲು ಹೋಗಬೇಕು.

ಕೊಟ್ಟ ಲೆಕ್ಕವೇನು ದೊಡ್ಡದಲ್ಲ. ಒಂದು ಅರೇ, ಅಂದರೆ ಪಟ್ಟಿ, ಅದರೊಳಗೆ ಊರಿಗೊಂದರಂತೆ ಮೂರು ಸಣ್ಣ ಅರೇ, ಪ್ರತಿಯೊಂದರಲ್ಲೂ ಆ ಊರಿನ ಮೂವರ ಹೆಸರು. ಎಲ್ಲವೂ ಪರದೆಯ ಮೇಲೆ ಬರಬೇಕು. ಡಿಗ್ರಜದವರು ಬಂದರು, ಮಿರಜದವರು ಬಂದರು, ಆಮೇಲೆ ಬರೀ ಖಾಲಿ! ನಡುವಿನ ಮ್ಹೈಸಾಳ, ಅವಳ ಸ್ವಂತ ಊರು, ಮಾಯ!

“ಸ್ನೇಹಲ, ಅದೇನಾಗೇತಂದ್ರ...”

“ಹೇಳಬ್ಯಾಡ್ರಿ! ನಾನ ಹುಡಕತೇನಿ.”

ಬೆರಳು ಮಡಚಿ ಎಣಿಸಿದಳು. ಅರೇಯಲ್ಲಿ ಮೊದಲನೆಯದರ ನಂಬರು ಸೊನ್ನೆ ಎಂದು ಸರ್ ಹೇಳಿದ್ದರು, ಹಾಕಿದ್ದಾಳೆ. ಆಮೇಲೆ ಎರಡು, ಮೂರು...

ಅಯ್ಯ! ಒಂದು ಎಲ್ಲಿ?

ಅಪ್ಪ ಪರಸಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಎಣಿಸುವುದೇ ಹಾಗೆ: ಲಾಭ, ಎರಡು, ಮೂರು. ಶುಭವಾಗಲೆಂದು ಮೊದಲನೆಯದು ‘ಲಾಭ’, ‘ಒಂದು’ ಎನ್ನುವ ರೂಢಿಯೇ ಇಲ್ಲ. ಲಾಭದ ಜಾಗದಲ್ಲಿ ಸೊನ್ನೆ ಇಟ್ಟು ಹುಡುಗಿ ಸೀದಾ ಎರಡಕ್ಕೆ ಜಿಗಿದಿದ್ದಳು!

‘ಹಮಾಲನ ಮಗಳಂತ ನಕ್ಕಾನ...’ ಕಣ್ಣು ತುಂಬಿತು. ಒರೆಸಿಕೊಂಡು ಸೊನ್ನೆ, ಒಂದು, ಎರಡು ಎಂದು ತಿದ್ದಿದಳು.

ಒಂಬತ್ತೂ ಹೆಸರು ಸಾಲಾಗಿ ಬಂದು ನಿಂತವು!

“ಶಾಬ್ಬಾಸ!” ಜಯಕುಮಾರ ಸರ್ ಕೂಗಿದರು. “ಸೋಮವಾರದಿಂದ ನೀನ ಕಲಿಸವ್ವಾ!”

ಕ್ಲಾಸೆಲ್ಲ ಚಪ್ಪಾಳೆ. ಸ್ನೇಹಲಳ ಕಾಲು ನೆಲದ ಮೇಲಿರಲಿಲ್ಲ.

ಮೆಟ್ಟಿಲಲ್ಲಿ ಮಂದಾರ ಅಡ್ಡ ನಿಂತ. “ನಿಮ್ಮನ್ನ ನೋಡಿ ನಗಲಿಲ್ರಿ. ನಮ್ಮ ಆಯಿನೂ ಜ್ವಾಳ ಅಳಿಯೂದು ಲಾಭ ಅಂತನ. ಹ್ವಾದ ವರ್ಷ ಇದ ಪರೀಕ್ಷಾದಾಗ ನಾನೂ ಹಿಂಗ ಬರದಿದ್ದೆ. ಅದು ನೆನಪಾಗಿ ನಕ್ಕೆ.”

“ಹ್ವಾದ ವರ್ಷಾ? ಅಂದ್ರ ನಿಮ್ಮ ಕೋರ್ಸ್ ಮುಗದೈತಿ?”

“ಹೂಂ.”

“ಮತ್ತ ದಿನಾ ಯಾಕ ಬರ್ತೀರಿ?”

ಅವನ ಕಿವಿ ಕೆಂಪಾದವು. “ನಿಮ್ಮ ಬಾಜೂಕ ಕುಂದ್ರಾಕ... ನೀವಂದ್ರ ನನಗ ಜೀವ, ಸ್ನೇಹಲ.”

ಎದೆ ಡವಡವ! ಆದರೂ ಅವಳು ಮುಖ ಬಿಗಿದುಕೊಂಡಳು.

“ಸೋಮವಾರದಿಂದ ನಾ ಟೀಚರ್. ಬಾಜೂಕ ಕುಂದ್ರಾಕ ಆಗೂದಿಲ್ಲ.”

ಪಾಪ, ಮಂದಾರನ ಮುಖ ಬಾಡಿತು.

“ಐತವಾರ ನಮ್ಮ ಮನಿಗೆ ಬರ್ರಿ. ಅಪ್ಪನ ಬಾಜೂಕ ಕುಂದ್ರಿ.”

“ಕುಂತು... ಏನ್ ಹೇಳ್ಲಿ?”

“ಈಗ ನನಗ ಹೇಳಿದ್ರಲ್ಲ, ಅದನ್ನ!”