ನಲವತ್ತೊಂದನೇ ಪೆಟ್ಟಿಗೆಯ ಲಕೋಟೆ

2024ರ ಮಾರ್ಚ್ 4, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಐರಿಶ್ ಪಟ್ಟಣ ಬ್ಯಾಲಿಡೂನ್‌ನ ಪೊಲೀಸ್ ಠಾಣೆಗೆ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಕಾನ್‌ಸ್ಟೇಬಲ್ ಡರ್ವ್ಲಾ ಟಾನ್ಸಿ ಕಳೆದುಹೋದ ಟ್ರೇಲರ್ ಒಂದರ ವಿವರ ಬರೆದುಕೊಳ್ಳುತ್ತಿದ್ದವಳು ತಲೆಯೆತ್ತಿದಳು.

“ನಿಮ್ಮೂರ ಲೈಬ್ರರೀಲಿ ಕಳ್ಳತನ ಆಗಿದೆ. ದೂರು ಕೊಡಬೇಕು.”

“ಲೈಬ್ರರಿಯವರು ಕಳಿಸಿದ್ರಾ?”

“ಇಲ್ಲ. ಅವರು ಇದನ್ನ ತಮಾಷೆ ಅಂದ್ಕೊಂಡು ನಗ್ತಾ ಇದಾರೆ.”

ಡರ್ವ್ಲಾ ಅವಳನ್ನು ಒಳಗಿನ ಕೋಣೆಗೆ ಕರೆದೊಯ್ದು ಇನ್‌ಸ್ಪೆಕ್ಟರ್ ಟೈಗ್ ಕಾನ್ಸಿಡೈನ್ ಎದುರು ಕೂರಿಸಿದಳು. ಹೆಂಗಸಿನ ಹೆಸರು ಊನಾ ಹೆಶನ್. ಊರು ಗ್ಲಾಸ್ಗೋ. ಹೆಶನ್ ಎಂಬ ಹೆಸರು ಕೇಳಿ ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟ.

ಲೈಬ್ರರಿಯಲ್ಲಿ ನಡೆದದ್ದು ಅವನಿಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ನಾಟಕಕಾರ ಲೋರ್ಕನ್ ಬ್ರೆಹನಿ ಈ ಊರಿನವನು. ಅವನ ಕಾಗದಪತ್ರಗಳೆಲ್ಲ ಅರವತ್ತೆರಡು ಪೆಟ್ಟಿಗೆಗಳಲ್ಲಿ ಲೈಬ್ರರಿಯ ಭದ್ರಕೋಣೆಯಲ್ಲಿವೆ. ನಲವತ್ತೊಂದನೇ ಪೆಟ್ಟಿಗೆಯಲ್ಲಿ ಅರಗಿನ ಮೊಹರು ಹಾಕಿದ ಒಂದು ಲಕೋಟೆ. ಮೇಲೆ ಅವನದೇ ಅಕ್ಷರ: ‘1921ರ ಫೆಬ್ರುವರಿಯ ವಿಷಯ. ನಾನು ಸತ್ತು ಐವತ್ತು ವರ್ಷ ಆಗುವವರೆಗೆ ತೆರೆಯಕೂಡದು.’ ಅವನು ಸತ್ತದ್ದು 1974ರ ಮಾರ್ಚ್ ಒಂದರಂದು. ಹೋದ ಶುಕ್ರವಾರಕ್ಕೆ ಐವತ್ತು ತುಂಬಿತು. ನಲವತ್ತು ಜನರ ಎದುರು ಗ್ರಂಥಪಾಲಕ ಫರ್ಗಲ್ ನೂನ್ ಲಕೋಟೆ ಒಡೆದ. ಒಳಗಿದ್ದದ್ದು ನಾಲ್ಕು ಹಾಳೆ. ನಾಲ್ಕೂ ಖಾಲಿ. ಮೊದಲು ಪಾದ್ರಿಗಳು ನಕ್ಕರು, ಸಭೆಯೂ ನಕ್ಕಿತು. ಸತ್ತ ಮೇಲೂ ಮುದುಕ ಊರಿಗೆ ಟೋಪಿ ಹಾಕಿದ ಅಂತ ಶನಿವಾರದ ಹೊತ್ತಿಗೆ ಪಬ್ಬುಗಳಲ್ಲೆಲ್ಲ ಅದೇ ಮಾತು.

“ನಿಮಗೆ ಯಾಕೆ ಅನುಮಾನ?” ಕಾನ್ಸಿಡೈನ್ ಕೇಳಿದ.

“ಮೂವತ್ತೊಂದು ವರ್ಷ ಪುಸ್ತಕ ಬೈಂಡಿಂಗ್ ಮಾಡಿದೀನಿ. ಐವತ್ತು ವರ್ಷದ ಕಾಗದ ಹೇಗಿರತ್ತೆ ಅಂತ ಗೊತ್ತು. ಲಕೋಟೆ ಹಳದಿಗಟ್ಟಿದೆ. ಒಳಗಿನ ಹಾಳೆ ನೆನ್ನೆ ಮೊನ್ನೆ ತಂದ ಹಾಗಿದೆ. ಶುಕ್ರವಾರ ಸಭೇಲಿ ನಾನೂ ಇದ್ದೆ, ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದೆ. ಕಾರ್ಖಾನೆಯ ನೀರುಗುರುತು, ಅದೇ ವಾಟರ್‌ಮಾರ್ಕ್, ಇತ್ತು. ಅದು ಹಳೇ ದಾಖಲೆಗಳ ನಡುವೆ ಇಡೋ ಆಮ್ಲ ಇಲ್ಲದ ಕಾಗದ. ಅಂಥ ಕಾಗದದಲ್ಲಿ ಯಾವ ನಾಟಕಕಾರನೂ ಬರೆಯಲ್ಲ, ಇನ್‌ಸ್ಪೆಕ್ಟರೇ.”

“ಗ್ಲಾಸ್ಗೋದಿಂದ ಇದಕ್ಕೋಸ್ಕರ ಬಂದ್ರಾ?”

“ನಾಟಕದಲ್ಲಿ ಬರೋ ದರ್ಜಿ ನಮ್ಮಜ್ಜ.”

ಬ್ರೆಹನಿಗೆ ಹೆಸರು ತಂದದ್ದು ‘ದರ್ಜಿಯ ಕಿಟಕಿ’. ಇಂಗ್ಲಿಷ್ ಸೈನಿಕರಿಗೆ ಕಿಟಕಿಯ ದೀಪದಿಂದ ಸನ್ನೆ ಮಾಡಿ, ಕೊಟ್ಟಿಗೆಯಲ್ಲಿ ಅಡಗಿದ್ದ ಮೂವರು ಬಂಡುಕೋರ ಹುಡುಗರನ್ನು ಹಿಡಿದುಕೊಟ್ಟ ದರ್ಜಿಯ ಕತೆ. ಆ ಮೂವರನ್ನೂ ಸೈನಿಕರು ಅಲ್ಲೇ ಗುಂಡಿಟ್ಟು ಕೊಂದರು. ನಡೆದದ್ದು ಇದೇ ಊರಲ್ಲಿ, 1921ರಲ್ಲಿ. ನಿಜವಾದ ದರ್ಜಿ ಪೀಟರ್ ಹೆಶನ್ ಹೆಂಡತಿ ಮಕ್ಕಳ ಜೊತೆ ದನ ಸಾಗಿಸುವ ಹಡಗು ಹತ್ತಿ ಊರು ಬಿಟ್ಟಿದ್ದ. ಶಾಲೆಯಲ್ಲಿ ಆ ನಾಟಕ ಆಡಿಸಿದಾಗ ಹನ್ನೆರಡು ವರ್ಷದ ಟೈಗ್ ಕಾನ್ಸಿಡೈನ್ ದರ್ಜಿಯ ಕಿಟಕಿಗೆ ಕಲ್ಲು ಹೊಡೆಯುವ ಗುಂಪಿನಲ್ಲಿದ್ದ. ಅದನ್ನು ಅವನು ಈಗ ಹೇಳಲಿಲ್ಲ. ದೂರು ಬರೆಸಿಕೊಂಡು, ಓದಿ ಹೇಳಿ, ಸಹಿ ಹಾಕಿಸಿದ. ಸಮಯ ಹನ್ನೊಂದು ಹತ್ತು.

ಮಧ್ಯಾಹ್ನ ಮೇಲಧಿಕಾರಿಯ ಫೋನು ಬಂತು.

“ಏನು ಟೈಗ್, ಖಾಲಿ ಕಾಗದದ ಕಳ್ಳನ್ನ ಹುಡುಕ್ತಿದೀಯಂತೆ?”

“ಇಲ್ಲ ಸರ್. ಬರೆದಿರೋ ಕಾಗದದ ಕಳ್ಳನ್ನ.”

“ಮುಂದಿನ ತಿಂಗಳು ಬ್ರೆಹನಿ ಉತ್ಸವ ಇದೆ. ಸ್ವಲ್ಪ ನೋಡ್ಕೊಂಡು ಮಾಡು.”

“ನೋಡ್ಕೊಂಡೇ ಮಾಡ್ತೀನಿ ಸರ್.”

ಎರಡು ಗಂಟೆಗೆ ಕಾನ್ಸಿಡೈನ್, ಡರ್ವ್ಲಾ ಇಬ್ಬರೂ ಲೈಬ್ರರಿಗೆ ಹೋದರು. ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿಕೊಂಡು ಮಹಜರು ಶುರುವಾಯಿತು. ನಾಲ್ಕು ಹಾಳೆ, ಲಕೋಟೆ, ಒಡೆದ ಅರಗಿನ ಚೂರುಗಳು. ಡರ್ವ್ಲಾ ಭೂತಗನ್ನಡಿ ಹಿಡಿದು ಲಕೋಟೆಯ ಮೇಲೆ ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.

“ಸರ್, ಇಲ್ಲಿ ಎರಡು ಅರಗಿದೆ. ಮೇಲಿನದು ಕೆಂಪು. ಕೆಳಗೆ ಅಂಚಲ್ಲಿ ಸ್ವಲ್ಪ ಕಂದು ಉಳ್ಕೊಂಡಿದೆ.”

“ಒಂದ್ಸಲ ಒಡೆದು ಮತ್ತೆ ಹಾಕಿದಾರೆ.”

“ಆದ್ರೆ ಮೊಹರಿನ ಗುರುತು ಸರಿಯಾಗೇ ಇದೆ. ಕೊಕ್ಕರೆ.”

ಕಾನ್ಸಿಡೈನ್ ನೂನ್ ಕಡೆ ತಿರುಗಿದ. “ಕೊಕ್ಕರೆ ಮೊಹರು ಯಾರದು?”

“ಬ್ರೆಹನಿಯವರದೇ. ಅವರ ಉಂಗುರ,” ನೂನ್ ಹಣೆ ಒರೆಸಿಕೊಂಡ.

“ಉಂಗುರ ಎಲ್ಲಿದೆ?”

“ಮೂರನೇ ಪೆಟ್ಟಿಗೇಲಿ. ಕನ್ನಡಕ, ಪೈಪು, ಉಂಗುರ ಎಲ್ಲ ಅದರಲ್ಲೇ.”

“ಅಂದ್ರೆ ಮೊಹರು ಇದೇ ಕಟ್ಟಡದಲ್ಲಿತ್ತು.”

“ಇನ್‌ಸ್ಪೆಕ್ಟರೇ, ನಾನು ಈ ಕೆಲಸಕ್ಕೆ ಸೇರಿದ್ದು 2012ರಲ್ಲಿ. ಅದನ್ನ ನಾನು ಮುಟ್ಟೇ ಇಲ್ಲ.”

“ಮುಟ್ಟಿದೀರಿ ಅಂತ ನಾನು ಹೇಳಿಲ್ಲ. ಭದ್ರಕೋಣೆಯ ಪುಸ್ತಕ ಕೊಡಿ. ಮೊದಲಿಂದ ಇರೋದೆಲ್ಲ.”

ಯಾರು, ಯಾವತ್ತು, ಯಾವ ಪೆಟ್ಟಿಗೆ ಇಳಿಸಿದರು ಎಂದು ಬರೆದಿಡುವ ಹನ್ನೊಂದು ಪುಸ್ತಕಗಳು. ನೀರುಗುರುತಿನ ಫೋಟೊವನ್ನು ಅಂದೇ ಸ್ಕಾಟ್ಲೆಂಡಿನ ಕಾಗದದ ಕಾರ್ಖಾನೆಗೆ ಕಳಿಸಿದರು. ಮಾರ್ಚ್ 7ರಂದು ಉತ್ತರ ಬಂತು: ಆ ಗುರುತಿನ ಕಾಗದ 1997ಕ್ಕಿಂತ ಮುಂಚೆ ಇರಲಿಲ್ಲ. ಲೈಬ್ರರಿಯ ಸಾಮಾನಿನ ಪುಸ್ತಕದಲ್ಲಿ ಅದರ ಕಟ್ಟುಗಳು ಬಂದದ್ದು 1998ರಲ್ಲಿ, ಕೊನೆಯ ಕಟ್ಟು ಮುಗಿದದ್ದು 2004ರಲ್ಲಿ. ನೂನ್ ಲೆಕ್ಕದಿಂದ ಹೊರಗಾದ.

ಆ ಆರು ವರ್ಷಗಳಲ್ಲಿ ಭದ್ರಕೋಣೆಗೆ ಎರಡೇ ಬೀಗದಕೈ. ಒಂದು ಅಂದಿನ ಮುಖ್ಯ ಗ್ರಂಥಪಾಲಕರದ್ದು, ಅವರು ತೀರಿಕೊಂಡಿದ್ದಾರೆ. ಇನ್ನೊಂದು ಪತ್ರಾಗಾರ ನೋಡಿಕೊಳ್ಳುತ್ತಿದ್ದ ಅಟ್ರಾಕ್ಟಾ ಗಿಲ್‌ಮಾರ್ಟಿನ್ ಅವರದ್ದು. ಬ್ರೆಹನಿಯ ಪೆಟ್ಟಿಗೆಗಳಿಗೆ ನಂಬರು ಕೊಟ್ಟು, ಪ್ರತಿ ಕಾಗದಕ್ಕೂ ಪಟ್ಟಿ ಮಾಡಿದವಳು ಅವಳೇ. ಮೂವತ್ತನಾಲ್ಕು ವರ್ಷ ಅದೇ ಕೆಲಸ ಮಾಡಿ ನಿವೃತ್ತಳಾಗಿದ್ದಳು.

ಡರ್ವ್ಲಾ ಪುಸ್ತಕದ ಒಂದು ಪುಟವನ್ನು ಮುಂದೆ ತಳ್ಳಿದಳು. 2001ರ ಆಗಸ್ಟ್ 14. ‘ಮೇಲಿನ ಪೈಪು ಸೋರಿ ಕೆಳಗಿನ ಶೆಲ್ಫ್ ಒದ್ದೆ. ಪೆಟ್ಟಿಗೆ 39ರಿಂದ 44 ಹೊರಗೆ ತೆಗೆದು ಒಣಗಿಸಿದೆ. ಅ. ಗಿ.’ ಅದರ ಕೆಳಗೆ, ಅದೇ ಶಾಯಿಯಲ್ಲಿ, ‘ಪೆಟ್ಟಿಗೆ 3’.

“ಮೂರನೇ ಪೆಟ್ಟಿಗೆ ಇರೋದು ಎದುರು ಗೋಡೆಯ ಮೇಲಿನ ಶೆಲ್ಫಿನಲ್ಲಿ, ಸರ್. ಅಲ್ಲಿಗೆ ನೀರು ಹೋಗಿಲ್ಲ.”

“ಯಾಕೆ ಇಳಿಸಿದ್ರು ಅಂತ ಬರೆದಿದಾರಾ?”

“ಇಲ್ಲ. ಆದ್ರೆ ಇಳಿಸಿದ್ದನ್ನ ಬರೆದಿದಾರೆ.”

ಕಾನ್ಸಿಡೈನ್ ಆ ಸಾಲನ್ನು ಇನ್ನೊಮ್ಮೆ ಓದಿದ. ಕಳ್ಳತನ ಮಾಡುವಾಗಲೂ ಪುಸ್ತಕದಲ್ಲಿ ಸುಳ್ಳು ಬರೆಯಲು ಆಗದ ಹೆಂಗಸು ಅನ್ನಿಸಿತು. ಶುಕ್ರವಾರದ ಸಭೆಯಲ್ಲಿ ಅಟ್ರಾಕ್ಟಾ ಎಲ್ಲಿದ್ದಳು ಎಂದು ನೂನ್‌ಗೆ ಫೋನು ಮಾಡಿ ಕೇಳಿದ. ಮೊದಲ ಸಾಲಿನಲ್ಲಿದ್ದಳಂತೆ. ಎಲ್ಲರೂ ನಗುತ್ತಿದ್ದಾಗ ಎದ್ದು, ಚಹಾಕ್ಕೂ ನಿಲ್ಲದೆ ಹೋಗಿಬಿಟ್ಟಳಂತೆ.

ಮಾರ್ಚ್ 8, ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ನ್ಯಾಯಾಧೀಶರ ಶೋಧನಾ ಆದೇಶ ಜೇಬಿನಲ್ಲಿಟ್ಟುಕೊಂಡು, ಇಬ್ಬರೂ ಚಾಪೆಲ್ ಬೀದಿಯ ಅವಳ ಮನೆಯ ಬಾಗಿಲು ತಟ್ಟಿದರು. ಎಪ್ಪತ್ತೊಂದರ ಅಟ್ರಾಕ್ಟಾ ನೆಟ್ಟಗೆ ನಿಂತಿದ್ದಳು. ಅಡುಗೆಮನೆಯಿಂದ ಆಗತಾನೆ ಬೆಂದ ಸೋಡಾ ಬ್ರೆಡ್ಡಿನ ವಾಸನೆ.

“ಬಾ ಟೈಗ್. ನಿಮ್ಮಮ್ಮನ ಸೊಂಟ ಹೇಗಿದೆ?”

“ಪರವಾಗಿಲ್ಲ, ಮಿಸ್ ಗಿಲ್‌ಮಾರ್ಟಿನ್. ಕೋಲು ಹಿಡ್ಕೊಂಡು ಓಡಾಡ್ತಾರೆ.”

“ಚಿಕ್ಕೋನಿದ್ದಾಗ ಲೈಬ್ರರಿ ಪುಸ್ತಕದ ಮೂಲೆ ಮಡಚ್ತಿದ್ದೆ ನೀನು. ಎಷ್ಟು ಬೈದಿದೀನಿ. ಕೂತ್ಕೊ. ನೀನೂ ಕೂತ್ಕೊಳಮ್ಮ.”

ಅವರು ಕೂತರು. ಅವಳು ಬ್ರೆಡ್ಡು ಕತ್ತರಿಸಿ ಬೆಣ್ಣೆ ಮುಂದಿಟ್ಟಳು. ಕಾನ್ಸಿಡೈನ್ ತಟ್ಟೆ ಮುಟ್ಟಲಿಲ್ಲ.

“2001ರ ಆಗಸ್ಟ್ ಹದಿನಾಲ್ಕು. ಪೈಪು ಸೋರಿತ್ತು.”

“ಹೂಂ.”

“ಮೂರನೇ ಪೆಟ್ಟಿಗೆ ಯಾಕೆ ಇಳಿಸಿದ್ರಿ?”

ಅವಳು ಚಾಕುವನ್ನು ಒರೆಸಿ ಬದಿಗಿಟ್ಟಳು.

“ನೀನು ಉಂಗುರದ ಬಗ್ಗೆ ಕೇಳ್ತಿದೀಯ.”

“ಹೌದು.”

“ಲಕೋಟೆ ನೆಂದು ಅರಗು ಬಿಟ್ಟುಕೊಂಡಿತ್ತು. ನಾನು ಬಿಚ್ಚಲಿಲ್ಲ, ಅದೇ ಬಿಚ್ಕೊಂಡಿತ್ತು. ಹಾಳೆ ಒಣಗಿಸಬೇಕಾಗಿತ್ತು. ಒಣಗಿಸೋವಾಗ ಕಣ್ಣು ಮುಚ್ಕೊಂಡಿರಬಹುದಿತ್ತು. ಮುಚ್ಕೊಳ್ಲಿಲ್ಲ.”

“ಹಾಳೆ ಎಲ್ಲಿದೆ? ಸುಟ್ರಾ?”

ಅವಳು ಮೊದಲ ಬಾರಿ ನೊಂದವಳಂತೆ ಅವನನ್ನು ನೋಡಿದಳು. “ನಾನು ಪತ್ರಾಗಾರದೋಳು, ಟೈಗ್.”

ಮಹಡಿಯ ಕೋಣೆಯ ಬೀರುವಿನಲ್ಲಿ, ಉಣ್ಣೆಯ ಕೋಟುಗಳ ಕೆಳಗೆ, ಬೂದುಬಣ್ಣದ ಚಪ್ಪಟೆ ಪೆಟ್ಟಿಗೆ ಇತ್ತು. ಹಾಳೆ ಹಾಳೆಯ ನಡುವೆ ತೆಳು ಕಾಗದ. ಮೇಲೆ ಪೆನ್ಸಿಲಿನಲ್ಲಿ ಚಿಕ್ಕದಾಗಿ ‘41/7. ಹಾಳೆ 4. ಅಂಚು ನೀರು ತಾಗಿದೆ.’ ಡರ್ವ್ಲಾ ಕೈಗವಸು ಹಾಕಿಕೊಂಡು ಅದನ್ನು ವಶಕ್ಕೆ ತೆಗೆದುಕೊಂಡಳು. ಹನ್ನೊಂದು ನಲವತ್ತಕ್ಕೆ ಕಾನ್ಸಿಡೈನ್ ಅಟ್ರಾಕ್ಟಾಳ ಹಕ್ಕುಗಳನ್ನು ಓದಿ ಹೇಳಿ ಬಂಧಿಸಿದ. ಅವಳು ಒಲೆ ಆರಿಸಿ, ಬ್ರೆಡ್ಡಿಗೆ ಬಟ್ಟೆ ಮುಚ್ಚಿ, ಕೋಟು ಹಾಕಿಕೊಂಡಳು.

ಮಧ್ಯಾಹ್ನ ಮೂರಕ್ಕೆ ಠಾಣೆಯಲ್ಲಿ ಊನಾ ಹೆಶನ್ ಎದುರು ಆ ನಾಲ್ಕು ಹಾಳೆಯ ಜೆರಾಕ್ಸ್ ಇಟ್ಟರು. 1973ರ ನವೆಂಬರಿನಲ್ಲಿ ಬ್ರೆಹನಿ ಬರೆದದ್ದು. ಹತ್ತೊಂಬತ್ತನೇ ವಯಸ್ಸಿನಲ್ಲಿ ಸೇತುವೆಯ ಮೇಲೆ ಸೈನಿಕರು ತನ್ನನ್ನು ತಡೆದದ್ದು, ಜೇಬಿನಲ್ಲಿ ಎರಡು ತೋಟಾ ಸಿಕ್ಕಿದ್ದು, ಅಧಿಕಾರಿ ಗಡಿಯಾರ ನೋಡುತ್ತಾ ಐದು ನಿಮಿಷ ಕೊಟ್ಟದ್ದು. ನಾಲ್ಕನೇ ನಿಮಿಷಕ್ಕೆ ಹುಡುಗರು ಅಡಗಿದ್ದ ಕೊಟ್ಟಿಗೆ ಯಾವುದೆಂದು ತಾನು ಹೇಳಿಬಿಟ್ಟದ್ದು. ಕೊನೆಯ ಹಾಳೆ ಹೀಗಿತ್ತು: ‘ಆ ಸಂಜೆ ಲಾರಿಗಳು ಹೋಗುವಾಗ ಹೆಶನ್ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಆತ ಯಾರದೋ ಮದುವೆಯ ಕೋಟು ಹೊಲಿಯುತ್ತಿದ್ದ. ದೀಪದ ಮಾತನ್ನು ಮೊದಲು ಆಡಿದವನು ನಾನು. ಆಮೇಲೆ ಅದನ್ನೇ ನಾಟಕ ಮಾಡಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.’

ಊನಾ ಕೊನೆಯ ಹಾಳೆಯನ್ನು ಎರಡು ಸಲ ಓದಿದಳು. ಅಳಲಿಲ್ಲ.

“ಅಪ್ಪನಿಗೆ ತೊಂಬತ್ಮೂರು. ಸಂಜೆ ಫೋನು ಮಾಡಿ ಓದಿ ಹೇಳ್ಬೇಕು. ಇದನ್ನ ತಗೊಂಡು ಹೋಗಬಹುದಾ?”

“ಅದು ನಿಮಗೇ.”

“ಆ ಹೆಂಗಸು ಇಲ್ಲೇ ಇದಾರಾ?”

ಭೇಟಿ ಮಾಡಿಸಬೇಕೆಂಬ ನಿಯಮವಿರಲಿಲ್ಲ. ಅಟ್ರಾಕ್ಟಾಳನ್ನು ಕೇಳಿದರು. ಬರಲಿ ಅಂದಳು. ವಕೀಲರೂ ಬೇಡ ಅನ್ನಲಿಲ್ಲ. ಇಬ್ಬರೂ ಮೇಜಿನ ಆಚೆ ಈಚೆ ಕೂತರು. ಡರ್ವ್ಲಾ ಬಾಗಿಲ ಬಳಿ ನಿಂತಳು.

“ಎಷ್ಟು ವರ್ಷ ಇತ್ತು ನಿಮ್ಮ ಹತ್ರ?” ಊನಾ ಕೇಳಿದಳು.

“ಇಪ್ಪತ್ತೆರಡೂವರೆ.”

“ನಮ್ಮ ದೊಡ್ಡಪ್ಪ ಜೋ ಅಂತ. ಈ ಊರಲ್ಲಿ ಹುಟ್ಟಿದೋರು. ಕಿಟಕಿಗೆ ಕಲ್ಲು ಬಿದ್ದಾಗ ಅವರಿಗೆ ಆರು ವರ್ಷ. ಗಾಜು ತಾಗಿ ಕಿವಿ ಸೀಳಿತ್ತು. ಗ್ಲಾಸ್ಗೋದಲ್ಲಿ ಯಾರಾದ್ರೂ ಐರಿಶ್‌ನೋರು ಸಿಕ್ಕಿದ್ರೆ ಊರಿನ ಹೆಸರು ಸುಳ್ಳು ಹೇಳ್ತಿದ್ರು. ನಮ್ಮಪ್ಪ ಕಳ್ಳ ಅಲ್ಲ, ದ್ರೋಹಿ ಅಲ್ಲ ಅಂತ ಸಾಯೋವರ್ಗೂ ಹೇಳ್ತಾ ಹೋದ್ರು. ನಾವು ಮಕ್ಕಳು, ಹೂಂ ದೊಡ್ಡಪ್ಪ, ಅಂತಿದ್ವಿ. ನಂಬಿರಲಿಲ್ಲ.”

“ಯಾವಾಗ ಹೋದ್ರು?”

“2006ರಲ್ಲಿ.”

ಅಟ್ರಾಕ್ಟಾ ಮೇಜಿನ ಮೇಲಿದ್ದ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. ಕ್ಷಮಿಸಿ ಅನ್ನಲಿಲ್ಲ. ಊನಾ ಅದಕ್ಕಾಗಿ ಕಾಯಲೂ ಇಲ್ಲ. ಜೆರಾಕ್ಸ್ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಸಂಜೆ ನಾಲ್ಕು ನಲವತ್ತಕ್ಕೆ, ವಕೀಲರ ಸಮಕ್ಷಮ, ಹೇಳಿಕೆ ಬರೆದುಕೊಳ್ಳಲು ಶುರುಮಾಡಿದರು.

“ಹೆಸರು ಉಳಿಸೋಕೆ ಮಾಡಿದ್ರಾ? ಬ್ರೆಹನಿಯವರ ಹೆಸರು?”

“ಎಲ್ಲರೂ ಹಾಗೇ ಅಂದ್ಕೊಳ್ತಾರೆ. ಬರ್ಕೊ. ಕೊಟ್ಟಿಗೇಲಿ ಸತ್ತೋರಲ್ಲಿ ಒಬ್ಬ ಮಾರ್ಟಿನ್ ಗಿಲ್‌ಮಾರ್ಟಿನ್. ನಮ್ಮಜ್ಜನ ತಮ್ಮ. ಅದೇ ವರ್ಷ ಬೇಸಿಗೇಲಿ ನಮ್ಮಪ್ಪ ಹುಟ್ಟಿದ್ರು. ಅವನ ಹೆಸರೇ ಇಟ್ರು. ನಮ್ಮನೇಲಿ ಹೆಶನ್ ಅಂದ್ರೆ ಅಪ್ಪ ಬೆಂಕಿಗೆ ಉಗೀತಿದ್ರು. ಬ್ರೆಹನಿ ಬೀದೀಲಿ ಹೋದ್ರೆ ಟೋಪಿ ತೆಗೀತಿದ್ರು. ನಮ್ಮ ಹುಡುಗರ ಕತೆಯನ್ನ ಲೋಕಕ್ಕೆಲ್ಲ ಹೇಳಿದ ಮನುಷ್ಯ ಅಂತ. ಆ ಹಾಳೆಗಳನ್ನ ನಾನು ಓದಿದ ದಿನ ಅಪ್ಪನಿಗೆ ಎಂಬತ್ತು. ಮನೆಗೆ ಹೋದೆ. ಅವರು ಬೆಂಕಿ ಮುಂದೆ ಕೂತಿದ್ರು. ನನ್ನ ಕೈಲಿ ಹೇಳೋಕೆ ಆಗ್ಲಿಲ್ಲ. ಅವರು ಹೋದಮೇಲೆ ವಾಪಸ್ ಇಡೋಣ ಅಂದ್ಕೊಂಡೆ.”

“ಅವರು ಯಾವಾಗ ತೀರಿಕೊಂಡ್ರು?”

“2005ರಲ್ಲಿ. ಜನವರಿ.”

ಕಾನ್ಸಿಡೈನ್ ಇಸವಿ ಬರೆದುಕೊಂಡ. ಮುಂದಿನದನ್ನು ಅವಳೇ ಹೇಳಿದಳು.

“ಆಮೇಲೆ ನನಗೆ ನಾನು ಏನು ನೆಪ ಹೇಳ್ಕೊಂಡೆ ಅಂತ ನೆನಪಿಲ್ಲ.”

ಬರೆದದ್ದನ್ನು ಓದಲು ಕೊಟ್ಟಾಗ ಅವಳು ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಬೆರಳಿಟ್ಟು ಓದಿದಳು. ಒಂದು ಕಡೆ ಇಸವಿ ತಪ್ಪಾಗಿತ್ತು. ತಿದ್ದಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದಳು. ಕೊನೆಯ ವಾಕ್ಯದ ಹತ್ತಿರ ಬೆರಳು ನಿಂತಿತು.

“ಅದು ಕೇಸಿಗೆ ಬೇಕಾಗಿಲ್ಲ,” ಕಾನ್ಸಿಡೈನ್ ಅಂದ. “ಬೇಡ ಅಂದ್ರೆ ತೆಗೆದುಬಿಡ್ತೀನಿ.”

“ಬೇಡ, ಇರಲಿ,” ಅಂದು ಅಟ್ರಾಕ್ಟಾ ಗಿಲ್‌ಮಾರ್ಟಿನ್ ಅದರ ಕೆಳಗೆ ಪೂರ್ತಿ ಹೆಸರು ಬರೆದಳು.