ಹದಿನಾಲ್ಕು ಅಂಕಪಟ್ಟಿಗಳು

ಬೀರುವಿನ ಬೀಗ ಮುರಿದಿತ್ತು. ಹದಿನಾಲ್ಕು ನರ್ಸುಗಳ ಒರಿಜಿನಲ್ ಅಂಕಪಟ್ಟಿಗಳು ಮಾಯವಾಗಿದ್ದವು.

2006ರ ಒಂದು ಶನಿವಾರ. ಜೆ.ಪಿ. ನಗರದ ಆ ನರ್ಸಿಂಗ್ ಹೋಮಿನ ಮೂರು ಮಹಡಿ ಹತ್ತುವಷ್ಟರಲ್ಲಿ ಎಸ್.ಐ. ಬೈಲಪ್ಪನಿಗೆ ಸಾಕುಸಾಕಾಗಿತ್ತು. ಇಪ್ಪತ್ತೆರಡು ವರ್ಷದ ಸರ್ವಿಸು ಮೊಣಕಾಲಿಗೆ ಇಳಿದಿತ್ತು.

"ಜೆರಾಕ್ಸು, ರಿಜಿಸ್ಟರು ಎಲ್ಲಾ ಹೋಯ್ತು ಸಾರ್. ಒಂದು ನಕಲೂ ಉಳಿದಿಲ್ಲ," ಎಂದ ಮ್ಯಾನೇಜರ್ ಭಾರ್ಗವ. "ನರ್ಸ್ ಸಿಗಲ್ಲ ಅಂತ, ಸೇರಿದ್ರೆ ನಿಮ್ಮ ಎಜುಕೇಶನ್ ಲೋನ್ ಕಂತು ನಾವೇ ಕಟ್ತೀವಿ ಅಂದ್ವಿ. ಮೂರು ವರ್ಷ ಇರ್ಬೇಕು, ಅಲ್ಲೀವರ್ಗೂ ಒರಿಜಿನಲ್ಸ್ ನಮ್ಮ ಹತ್ರ. ನಿನ್ನೆ ದಾನಮ್ಮ ಅನ್ನೋಳು ವಾಪಸ್ ಕೊಡಿ ಅಂತ ಜಗಳ ಆಡಿದ್ಲು. ಅವಳ್ದೇ ಕೆಲ್ಸ."

ಟೈಪು ಮಾಡಿದ ದೂರನ್ನು ಕೈಗಿಟ್ಟ. ಹದಿನಾಲ್ಕು ಹೆಸರು, ಹೆಸರಿನ ಮುಂದೆ ಅಂಕಪಟ್ಟಿಯ ನಂಬರು.

* * *

ಬಿಟಿಎಂ ಲೇಔಟಿನ ಪೀಜಿಯಲ್ಲಿ ಪೊಲೀಸರು ದಾನಮ್ಮನ ಟ್ರಂಕು ತಡಕಿದರು. ಸಿಕ್ಕಿದ್ದು ಬ್ಯಾಂಕಿನ ಒಂದು ನೋಟಿಸು.

"ಜಗಳ ಆಡೀನಿ, ಖರೇರಿ. ಐದು ತಿಂಗಳಿಂದ ಅವ್ರು ಕಂತು ಕಟ್ಟಿಲ್ಲ. ಊರಾಗ ನಮ್ಮಪ್ಪಗ ಬಂದ ನೋಟಿಸು ಅದು. ಸೋಮವಾರ ಬನಶಂಕರಿಯ ಬ್ಯಾರೆ ಆಸ್ಪತ್ರಿಗೆ ಸೇರಬೇಕ್ರಿ. ಒರಿಜಿನಲ್ ಇಲ್ದ ತಗೊಳ್ಳೂದಿಲ್ಲಂತ."

"ನಿನ್ನ ಅಂಕಪಟ್ಟಿ ನಂಬರ್ ಹೇಳಮ್ಮ."

"ಅದ್ಯಾರಿಗೆ ನೆನಪಿರತೈತ್ರಿ, ಸಾರ್?"

ಬೈಲಪ್ಪ ಜೇಬಿನಿಂದ ದೂರನ್ನು ತೆಗೆದು ಮತ್ತೊಮ್ಮೆ ಓದಿದ.

* * *

"ಅಂಕಪಟ್ಟಿ ಕಳೀತು ಅಂತ ವರ್ಷಕ್ಕೆ ನೂರು ಜನ ಸ್ಟೇಷನ್‌ಗೆ ಬರ್ತಾರೆ," ಬೈಲಪ್ಪ ಭಾರ್ಗವನಿಗೆ ಹೇಳಿದ. "ಒಬ್ರಿಗೂ ನಂಬರ್ ಗೊತ್ತಿರಲ್ಲ. ಜೆರಾಕ್ಸ್ ತನ್ನಿ ಅಂತ ವಾಪಸ್ ಕಳಿಸ್ತೀನಿ. ನಕಲೂ ಇಲ್ದೆ ನೀವು ಹದಿನಾಲ್ಕು ನಂಬರ್ ಹೇಗ್ರೀ ಬರೆದ್ರಿ? ದೂರು ಟೈಪ್ ಮಾಡೋವಾಗ ಅಂಕಪಟ್ಟಿಗಳು ನಿಮ್ಮ ಎದುರಿಗೇ ಇದ್ವು."

ಭಾರ್ಗವನ ಕಾರಿನ ಡಿಕ್ಕಿಯಲ್ಲಿ ಹದಿನಾಲ್ಕೂ ಸಿಕ್ಕವು.

"ಕಂತು ಕಟ್ಟೋಕೆ ನಿಮ್ಮ ಹತ್ರ ದುಡ್ಡಿಲ್ಲ," ಎಂದ ಬೈಲಪ್ಪ. " ಒರಿಜಿನಲ್ ಕೊಟ್ರೆ ಹುಡುಗೀರು ನಿಲ್ಲಲ್ಲ. ಕಳ್ಳತನ ಆಯ್ತು ಅಂದ್ರೆ ಕೊಡೋ ಹಾಗೂ ಇಲ್ಲ, ದಾನಮ್ಮ ಒಳಗೆ ಹೋದ್ರೆ ಮಿಕ್ಕೋರು ತುಟಿಪಿಟಿಕ್ ಅನ್ನಲ್ಲ. ಅಷ್ಟೇ ತಾನೆ?"

"ಹೌದು ಸಾರ್," ಎಂದ ಭಾರ್ಗವ.

* * *

ಅಂಕಪಟ್ಟಿ ಸಿಕ್ಕ ಸುದ್ದಿ ಕೇಳಿ ಸ್ಟೇಷನ್ನಿಗೆ ದಾನಮ್ಮ ಓಡಿ ಬಂದಳು. ಬೈಲಪ್ಪನಿಗೆ ಅವಳ ಮುಖ ನೋಡಲಾಗಲಿಲ್ಲ.

"ಈಗ್ಲೇ ಕೊಡೋಕಾಗಲ್ಲಮ್ಮ. ಕೇಸಿನ ಸಾಕ್ಷಿ ಅದು. ಕೋರ್ಟಿನ ಆರ್ಡರ್ ಬೇಕು. ವಾರ ಆಗುತ್ತೋ, ತಿಂಗಳಾಗುತ್ತೋ."

"ಮೊದಲು ಅವ್ರ ಬೀರುವಿನ್ಯಾಗಿತ್ತು, ಈಗ ನಿಮ್ಮ ಬೀರುವಿನ್ಯಾಗ. ನನಗೇನು ಫರಕಾತ್ರಿ?"

ಬೈಲಪ್ಪ ಬಿಳಿ ಹಾಳೆ ಎಳೆದುಕೊಂಡು, ಇವಳ ಒರಿಜಿನಲ್ ನಮ್ಮ ವಶದಲ್ಲಿದೆ, ದಯಮಾಡಿ ಕೆಲಸಕ್ಕೆ ಸೇರಿಸಿಕೊಳ್ಳಿ ಎಂದು ತಾನೇ ಬರೆದು ಸೀಲು ಒತ್ತಿದ. ಬನಶಂಕರಿಯ ಆಸ್ಪತ್ರೆಯವರು ಅದನ್ನು ಒಪ್ಪುತ್ತಾರೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ.